ಸರ್ಪಗಂಧ, ನಸುಗುನ್ನಿ ಮತ್ತು ಮೆದುಳಿನ ಮದ್ದಿನ ಚರಿತ್ರೆ



ನಸುಗುನ್ನಿ ಗೊತ್ತಿಲ್ಲದ ಶಾಲೆ ನಮ್ಮ ಕಾಸರಗೋಡಿನ ಕಡೆ ಇರಲಾರದು. ಮಳೆಗಾಲ ಮುಗಿದು ಗುಡ್ಡೆಯ ಬದಿಯ ಪೊದೆಗಳಲ್ಲಿ ಕಂದು ರೋಮದ ಕೋಡುಗಳು ನೇತಾಡತೊಡಗಿದವೆಂದರೆ ಯಾವುದಾದರೊಂದು ತರಗತಿಯ ಬೆಂಚಿನ ಮೇಲೆ ಅದರ ರೋಮ ಬಿದ್ದೇ ಬೀಳುತ್ತದೆ. ಒಬ್ಬ ಹುಡುಗ ಮೈಯೆಲ್ಲ ಕೆರೆದುಕೊಳ್ಳುತ್ತ ಸ್ಟಾಫ್ ರೂಮಿಗೆ ಬರುತ್ತಾನೆ. ಉಳಿದವರು ಏನೂ ಅರಿಯದವರಂತೆ ಪುಸ್ತಕ ತೆರೆದು ಕೂತಿರುತ್ತಾರೆ! ಮಲಯಾಳದಲ್ಲಿ ಇದು ನಾಯ್ಕುರಣ. ಸಂಸ್ಕೃತದಲ್ಲಿ ಕಪಿಕಚ್ಛು, ಅಂದರೆ ಮಂಗನಿಗೂ ತುರಿಕೆ ಹಿಡಿಸುವಂಥದ್ದು.

ಇನ್ನೊಂದು ಗಿಡ ಸರ್ಪಗಂಧ. ಕನ್ನಡದಲ್ಲಿ ಸೂತ್ರನಾಭಿ ಎಂದೂ ಹೇಳುತ್ತಾರೆ. ಮೊಣಕಾಲೆತ್ತರದ ಗಿಡ, ಬಿಳಿ ಹೂವು, ಕೆಂಪು ತೊಟ್ಟು, ಕಾಡಿನ ನೆರಳಿನಲ್ಲಿ ಬೆಳೆಯುವಂಥದ್ದು. ಇದರ ಬೇರಿಗೆ ಬಿಹಾರ, ಉತ್ತರಪ್ರದೇಶಗಳ ಕಡೆ ‘ಪಾಗಲ್ ಕೀ ದವಾ’ ಎಂದೇ ಹೆಸರು, ಹುಚ್ಚಿನ ಮದ್ದು ಎಂದರ್ಥ.

ಈ ಎರಡು ಗಿಡಗಳಿಗೂ ಒಂದಕ್ಕೊಂದು ಸಂಬಂಧವಿಲ್ಲ. ಒಂದು ಅವರೆಯ ಕುಟುಂಬದ್ದು, ಇನ್ನೊಂದು ಕಣಗಿಲೆಯ ಕುಟುಂಬದ್ದು. ಆದರೆ ಮನುಷ್ಯನ ಮೆದುಳಿನೊಳಗೆ ಒಂದು ಖಾಲಿ ಮಾಡುವುದನ್ನು ಇನ್ನೊಂದು ತುಂಬುತ್ತದೆ. ಇದು ಗೊತ್ತಾದ ಮೇಲೆಯೇ ಕಂಪವಾತ (ಪಾರ್ಕಿನ್ಸನ್ಸ್) ಮತ್ತು ಮನೋರೋಗಗಳ ಇಂದಿನ ಚಿಕಿತ್ಸೆ ಆರಂಭವಾದದ್ದು. ಚರಿತ್ರೆಯ ಪುಸ್ತಕದಲ್ಲಿ ಯುದ್ಧ, ಒಪ್ಪಂದಗಳನ್ನು ಪಾಠ ಮಾಡುವ ನಾವು ಇಂಥ ಚರಿತ್ರೆಯನ್ನು ಮಕ್ಕಳಿಗೆ ಹೇಳುವುದು ಕಡಿಮೆ. ಅದಕ್ಕೇ ಈ ಲೇಖನ.

1678ರಿಂದ 1693ರ ವರೆಗೆ ಆಮ್‌ಸ್ಟರ್‌ಡಾಮಿನಲ್ಲಿ ಹನ್ನೆರಡು ಸಂಪುಟಗಳಾಗಿ ಅಚ್ಚಾದ ‘ಹೋರ್ಟಸ್ ಮಲಬಾರಿಕಸ್’ ಗ್ರಂಥದಲ್ಲಿ ಈ ಎರಡೂ ಗಿಡಗಳ ಚಿತ್ರವಿದೆ, ಅವುಗಳ ಮಲಯಾಳ ಹೆಸರಿನ ಸಮೇತ. ಕೊಚ್ಚಿಯ ಡಚ್ ಅಧಿಕಾರಿ ವಾನ್ ರೀಡ್ ಅದನ್ನು ಮಾಡಿಸಿದ. ಗಿಡಗಳ ಗುಣ ಹೇಳಿಕೊಟ್ಟವರು ಇಟ್ಟಿ ಅಚ್ಯುತನ್ ಎಂಬ ವೈದ್ಯರು ಮತ್ತು ರಂಗ ಭಟ್ಟ, ವಿನಾಯಕ ಪಂಡಿತ, ಅಪ್ಪು ಭಟ್ಟ ಎಂಬ ಮೂವರು ಕೊಂಕಣಿಗರು. ಇಷ್ಟಾಗಿಯೂ ಸರ್ಪಗಂಧಕ್ಕೆ ಸಿಕ್ಕಿದ ಶಾಸ್ತ್ರೀಯ ಹೆಸರು ರಾವೋಲ್ಫಿಯಾ. 1570ರ ದಶಕದಲ್ಲಿ ಬಾಗ್ದಾದಿನ ವರೆಗೆ ಮಾತ್ರ ಬಂದಿದ್ದ, ಭಾರತವನ್ನು ನೋಡಿಯೇ ಇರದ ಜರ್ಮನ್ ವೈದ್ಯ ರಾವೋಲ್ಫನ ಹೆಸರು ಅದು! ಇರಲಿ.

ಮುಂದಿನ ಮುಖ್ಯ ವರ್ಷ 1931. ಆ ಒಂದೇ ವರ್ಷದಲ್ಲಿ ಎರಡು ಕೆಲಸಗಳು ನಡೆದವು. ದೆಹಲಿಯ ತಿಬ್ಬಿಯಾ ಕಾಲೇಜಿನಲ್ಲಿ ಸಲೀಮುಜ್ಜಮಾನ್ ಸಿದ್ದಿಕಿ ಎಂಬ ರಸಾಯನ ವಿಜ್ಞಾನಿ ಸರ್ಪಗಂಧದ ಬೇರಿನಿಂದ ಕೆಲವು ಕ್ಷಾರಗಳನ್ನು ಬೇರ್ಪಡಿಸಿ, ಒಂದಕ್ಕೆ ತಮ್ಮ ಹಿರಿಯರಾದ ಹಕೀಮ್ ಅಜ್ಮಲ್ ಖಾನರ ನೆನಪಿಗೆ ಅಜ್ಮಲೀನ್ ಎಂದು ಹೆಸರಿಟ್ಟರು. ಕಲ್ಕತ್ತೆಯಲ್ಲಿ ಗಣನಾಥ ಸೇನ್ ಮತ್ತು ಕಾರ್ತಿಕ್ ಚಂದ್ರ ಬೋಸ್ ಎಂಬ ವೈದ್ಯರು ಈ ಬೇರು ರಕ್ತದೊತ್ತಡಕ್ಕೂ ಉನ್ಮಾದಕ್ಕೂ ಮದ್ದು ಎಂದು ಲೇಖನ ಪ್ರಕಟಿಸಿದರು. ಸೇನ್ ಅವರು ಆಯುರ್ವೇದವನ್ನೂ ಪಾಶ್ಚಾತ್ಯ ವೈದ್ಯವನ್ನೂ ಬಲ್ಲವರು. ಅವರು ‘ನಮ್ಮ ಶಾಸ್ತ್ರದಲ್ಲಿದೆ’ ಎಂದು ಹೇಳಿ ಸುಮ್ಮನಾಗಲಿಲ್ಲ. ರೋಗಿಗಳಿಗೆ ಕೊಟ್ಟು, ಏನಾಯಿತೆಂದು ಬರೆದಿಟ್ಟರು. ಆದರೆ ಅದು ಪ್ರಕಟವಾದದ್ದು ಭಾರತದ ಪತ್ರಿಕೆಯಲ್ಲಿ. ಹೊರಗಿನವರು ಇಪ್ಪತ್ತು ವರ್ಷ ಅದನ್ನು ತಿರುಗಿ ನೋಡಲಿಲ್ಲ.

1949ರಲ್ಲಿ ಮುಂಬೈಯ ಡಾ. ರುಸ್ತುಂ ಜಾಲ್ ವಕೀಲ್ ಅವರು 50 ರೋಗಿಗಳ ರಕ್ತದೊತ್ತಡದ ಲೆಕ್ಕವನ್ನು ಬ್ರಿಟಿಷ್ ಹಾರ್ಟ್ ಜರ್ನಲ್‌ನಲ್ಲಿ ಪ್ರಕಟಿಸಿದ ಮೇಲೆ ಎಲ್ಲರ ಕಿವಿ ನೆಟ್ಟಗಾಯಿತು. 1952ರಲ್ಲಿ ಸ್ವಿಟ್ಜರ್‌ಲೆಂಡಿನ ಸೀಬಾ ಕಂಪೆನಿಯವರು ಬೇರಿನಿಂದ ರೆಸರ್ಪೀನ್ ಎಂಬ ವಸ್ತುವನ್ನು ಬೇರ್ಪಡಿಸಿದರು. ನ್ಯೂಯಾರ್ಕಿನ ರಾಕ್‌ಲೆಂಡ್ ಮಾನಸಿಕ ಆಸ್ಪತ್ರೆಯ ನೇಥನ್ ಕ್ಲೈನ್ ತಮ್ಮ ರೋಗಿಗಳ ಮೇಲೆ ಪ್ರಯೋಗಿಸಿ 1954ರಲ್ಲಿ ವರದಿ ಬರೆದರು. ಆ ಆಸ್ಪತ್ರೆಯಲ್ಲಿ ಬದಲಾವಣೆಯನ್ನು ಮೊದಲು ಗುರುತಿಸಿದವನು ಒಡೆದ ಕಿಟಕಿಗಳಿಗೆ ಗಾಜು ಹಾಕುವ ಕೆಲಸದವನಂತೆ. ಗಾಜು ಒಡೆಯುವುದೇ ಕಡಿಮೆಯಾಗಿತ್ತು ಎಂದು ಒಂದು ಕಥೆಯಿದೆ. ಅದಕ್ಕೆ ಮುಂಚೆ ಇಂಥ ಆಸ್ಪತ್ರೆಗಳಲ್ಲಿದ್ದ ಉಪಾಯಗಳೆಂದರೆ ಕಟ್ಟಿಹಾಕುವುದು, ವಿದ್ಯುತ್ ಆಘಾತ, ಇನ್ಸುಲಿನ್ ಕೊಟ್ಟು ಪ್ರಜ್ಞೆ ತಪ್ಪಿಸುವುದು, ಮೆದುಳಿನ ಮುಂಭಾಗದ ನರಗಳನ್ನು ಕತ್ತರಿಸುವುದು. 1957ರ ಲಾಸ್ಕರ್ ಪ್ರಶಸ್ತಿಯನ್ನು ಹಂಚಿಕೊಂಡವರಲ್ಲಿ ಕ್ಲೈನ್ ಇದ್ದರು, ನಮ್ಮ ವಕೀಲ್ ಅವರೂ ಇದ್ದರು.

ಆದರೆ ಈ ಬೇರು ಮೆದುಳಿನಲ್ಲಿ ಮಾಡುವುದೇನು? ಇಲ್ಲಿಂದ ಕಥೆ ನಿಜವಾಗಿ ಸ್ವಾರಸ್ಯವಾಗುತ್ತದೆ.

ನಮ್ಮ ಅಡಿಕೆ ತೋಟಗಳ ಉದಾಹರಣೆಯನ್ನೇ ತೆಗೆದುಕೊಳ್ಳಿ. ಗುಡ್ಡೆಯ ಮೇಲೆ ಟಾಂಕಿ, ಕೆಳಗೆ ಸ್ಪ್ರಿಂಕ್ಲರ್. ಟಾಂಕಿಗೆ ನೀರು ಏರಿಸುವ ಪಂಪು ನಿಂತರೆ ನೀವು ಗೇಟ್‌ವಾಲ್ವ್ ಎಷ್ಟು ತಿರುಗಿಸಿದರೂ ಪ್ರಯೋಜನವಿಲ್ಲ. ಮೆದುಳಿನ ನರಕೋಶಗಳು ಒಂದಕ್ಕೊಂದು ತಾಗಿಕೊಂಡಿಲ್ಲ, ನಡುವೆ ಕಣ್ಣಿಗೆ ಕಾಣದಷ್ಟು ಸಣ್ಣ ಸಂದು ಇದೆ. ಒಂದು ಕೋಶ ಆ ಸಂದಿನಲ್ಲಿ ರಾಸಾಯನಿಕ ಬಿಡುತ್ತದೆ, ಇನ್ನೊಂದು ಅದನ್ನು ಹಿಡಿದುಕೊಳ್ಳುತ್ತದೆ. ಆ ರಾಸಾಯನಿಕವನ್ನು ಕೋಶದೊಳಗಿನ ಪುಟ್ಟ ಪುಟ್ಟ ಚೀಲಗಳಲ್ಲಿ ತುಂಬಿಸಿಡಲು ಒಂದು ಪಂಪು ಇದೆ. ರೆಸರ್ಪೀನ್ ನಿಲ್ಲಿಸುವುದು ಆ ಪಂಪನ್ನು! ಚೀಲ ಬರಿದಾಗುತ್ತದೆ, ಸುದ್ದಿ ದಾಟುವುದಿಲ್ಲ, ರೇಗಾಟ ಇಳಿಯುತ್ತದೆ.

1957ರಲ್ಲಿ ಸ್ವೀಡನ್ನಿನ ಲುಂಡ್ ವಿಶ್ವವಿದ್ಯಾಲಯದಲ್ಲಿ ಅರ್ವಿಡ್ ಕಾರ್ಲ್‌ಸನ್ ಎಂಬ ವಿಜ್ಞಾನಿ ಪ್ರಾಣಿಗಳಿಗೆ ರೆಸರ್ಪೀನ್ ಕೊಟ್ಟರು. ಮೊಲಗಳು ಕಿವಿ ಇಳಿಬಿಟ್ಟು ಅಲುಗಾಡದೆ ಬಿದ್ದುಕೊಂಡವು. ಬಳಿಕ ಡೋಪಾ ಎಂಬ ವಸ್ತುವನ್ನು ಚುಚ್ಚಿದರು. ಸ್ವಲ್ಪ ಹೊತ್ತಿನಲ್ಲಿ ಅವು ಎದ್ದು ಓಡಾಡಿದವು. ಡೋಪಾ ಮೆದುಳಿಗೆ ಹೋಗಿ ಡೋಪಮೀನ್ ಆಗಿತ್ತು. ಅಷ್ಟರವರೆಗೆ ಡೋಪಮೀನಿಗೆ ಮೆದುಳಿನಲ್ಲಿ ಸ್ವಂತ ಕೆಲಸವಿದೆಯೆಂದು ಯಾರೂ ಭಾವಿಸಿರಲಿಲ್ಲ. ರೆಸರ್ಪೀನ್ ಹೆಚ್ಚು ತೆಗೆದುಕೊಂಡ ಮನುಷ್ಯರಿಗೂ ಕೈ ನಡುಗುವುದು, ಮೈ ಬಿಗಿಯುವುದು, ಕಂಪವಾತದಂತೆಯೇ ಆಗುವುದು ವೈದ್ಯರಿಗೆ ಗೊತ್ತಿತ್ತು. ಹಾಗಾದರೆ ಕಂಪವಾತದಲ್ಲಿಯೂ ಇದೇ ಟಾಂಕಿ ಬರಿದಾಗಿರಬಹುದೇ?

ವಿಯೆನ್ನಾದ ಓಲೆ ಹಾರ್ನಿಕಿವಿಜ್ ಅದನ್ನು ಪರೀಕ್ಷಿಸಿದರು. ತೀರಿಹೋದ ರೋಗಿಗಳ ಮೆದುಳಿನ ಭಾಗಗಳನ್ನು ತೆಗೆದು ರಾಸಾಯನಿಕ ಪರೀಕ್ಷೆ ಮಾಡಿದಾಗ, ಆರೋಗ್ಯವಂತರ ಮೆದುಳಿನ ಅಂಶ ಕಣ್ಣಿಗೇ ಕಾಣುವಂತೆ ಗುಲಾಬಿ ಬಣ್ಣಕ್ಕೆ ತಿರುಗಿತು. ಕಂಪವಾತದವರದ್ದು ತಿರುಗಲೇ ಇಲ್ಲವೆನ್ನಬಹುದು. 1960ರಲ್ಲಿ ಇದು ಪ್ರಕಟವಾಯಿತು. ಮರುವರ್ಷ ಬಿರ್ಕ್‌ಮಾಯರ್ ಎಂಬ ವೈದ್ಯರೊಡನೆ ಸೇರಿ ರೋಗಿಗಳಿಗೆ ಲೀವೊಡೋಪಾ ಚುಚ್ಚುಮದ್ದು ಕೊಟ್ಟರು. ಹಾಸಿಗೆಯಿಂದ ಏಳಲಾಗದಿದ್ದವರು ಎದ್ದು ನಡೆದರು. ಜೇಮ್ಸ್ ಪಾರ್ಕಿನ್ಸನ್ ಈ ರೋಗವನ್ನು ವಿವರಿಸಿದ್ದು 1817ರಲ್ಲಿ. ಎಂದರೆ ಕಾರಣಕ್ಕೆ ನೇರವಾಗಿ ತಾಗುವ ಮದ್ದು ಬರಲು ಸುಮಾರು 144 ವರ್ಷ ಹಿಡಿಯಿತು.

ಡೋಪಮೀನನ್ನೇ ಕೊಡಬಾರದೇ ಎಂದು ಮಕ್ಕಳು ಕೇಳುತ್ತಾರೆ, ಒಳ್ಳೆಯ ಪ್ರಶ್ನೆ. ರಕ್ತದಿಂದ ಮೆದುಳಿಗೆ ಹೋಗುವಲ್ಲಿ ಒಂದು ತಡೆಗೋಡೆಯಿದೆ. ಡೋಪಮೀನ್ ಅದನ್ನು ದಾಟಲಾರದು, ಡೋಪಾ ದಾಟುತ್ತದೆ.

ಈಗ ನಸುಗುನ್ನಿಗೆ ಬರೋಣ. ಲೀವೊಡೋಪಾ ಹೊಸ ವಸ್ತುವಲ್ಲ. 1913ರಲ್ಲೇ ಸ್ವಿಟ್ಜರ್‌ಲೆಂಡಿನಲ್ಲಿ ಗುಗೆನ್‌ಹೈಮ್ ಎಂಬವರು ಅದನ್ನು ಒಂದು ಜಾತಿಯ ಅವರೆಯಿಂದ ತೆಗೆದಿದ್ದರು. ಎರಡೂವರೆ ಗ್ರಾಂ ನುಂಗಿ ನೋಡಿ ವಾಂತಿ ಮಾಡಿಕೊಂಡು, ಇದರಿಂದ ಉಪಯೋಗವಿಲ್ಲವೆಂದು ಕೈಬಿಟ್ಟರು. 1937ರಲ್ಲಿ ಮದ್ರಾಸ್ ವಿಶ್ವವಿದ್ಯಾಲಯದಲ್ಲಿ ದಾಮೋದರನ್ ಮತ್ತು ರಾಮಸ್ವಾಮಿ ಎಂಬ ವಿಜ್ಞಾನಿಗಳು ನಸುಗುನ್ನಿಯ ಬೀಜದಿಂದ ಅದೇ ವಸ್ತುವನ್ನು ಬೇರ್ಪಡಿಸಿ ಇಂಗ್ಲೆಂಡಿನ ಬಯೋಕೆಮಿಕಲ್ ಜರ್ನಲ್‌ನಲ್ಲಿ ಬರೆದರು. ಆಗ ನಮ್ಮ ಕಾಸರಗೋಡೂ ಮದ್ರಾಸ್ ಪ್ರಾಂತದ ದಕ್ಷಿಣ ಕನ್ನಡ ಜಿಲ್ಲೆಯೊಳಗೇ ಇತ್ತು. ಅಂದರೆ ವಿಯೆನ್ನಾದಲ್ಲಿ ರೋಗಿ ಎದ್ದು ನಿಲ್ಲುವ 24 ವರ್ಷ ಮುಂಚೆ ಮದ್ದು ಮದ್ರಾಸಿನ ಸೀಸೆಯಲ್ಲಿತ್ತು. ಯಾವ ರೋಗಕ್ಕೆಂದು ಆಗ ಯಾರಿಗೂ ಗೊತ್ತಿರಲಿಲ್ಲ, ಅಷ್ಟೇ.

ಇದನ್ನು ಓದಿದವರು ಕೂಡಲೇ ‘ನೋಡಿ ಮಾಷ್ಟ್ರೇ, ನಮ್ಮವರಿಗೆ ಎಲ್ಲ ಮೊದಲೇ ಗೊತ್ತಿತ್ತು’ ಎನ್ನುತ್ತಾರೆ. ಇನ್ನು ಕೆಲವರು ‘ಬೇರು ಬಳ್ಳಿ ಎಲ್ಲ ಸುಳ್ಳು’ ಎನ್ನುತ್ತಾರೆ. ನನಗೆ ಎರಡೂ ಒಪ್ಪಿಗೆಯಿಲ್ಲ. ಗಿಡ ಗೊತ್ತಿತ್ತು, ಗುಣ ಗೊತ್ತಿತ್ತು, ಅಳತೆ ಸಿಕ್ಕಿರಲಿಲ್ಲ. ಲೀವೊಡೋಪಾ ನಿತ್ಯದ ಮದ್ದಾಗಿ ನಿಂತದ್ದೇ ಅಳತೆಯಿಂದ: 1967ರಲ್ಲಿ ಅಮೇರಿಕದ ಜಾರ್ಜ್ ಕೊಟ್ಸಿಯಾಸ್ ಎಂಬವರು ಬಾಯಿಯ ಮೂಲಕ, ಸ್ವಲ್ಪ ಸ್ವಲ್ಪವೇ ಏರಿಸುತ್ತ ಹೋಗಿ ವಾಂತಿಯಾಗದಂತೆ ಕೊಡುವ ಕ್ರಮವನ್ನು ತೋರಿಸಿದರು. 1970ರ ದಶಕದಲ್ಲಿ ಕಾರ್ಬಿಡೋಪಾ ಎಂಬ ಇನ್ನೊಂದು ವಸ್ತುವನ್ನು ಜೊತೆಗೆ ಸೇರಿಸಿದ ಮೇಲೆ ಮದ್ದು ದಾರಿಯಲ್ಲೇ ಖರ್ಚಾಗದೆ ಮೆದುಳಿಗೆ ತಲಪುವಂತಾಯಿತು. ಇಂದಿಗೂ ಕಂಪವಾತಕ್ಕೆ ಮುಖ್ಯ ಮಾತ್ರೆ ಇದೇ.

2004ರಲ್ಲಿ ಲಂಡನ್ನಿನಲ್ಲಿ ಎಂಟು ಮಂದಿ ರೋಗಿಗಳಿಗೆ ನಸುಗುನ್ನಿ ಬೀಜದ ಪುಡಿಯನ್ನೂ ಮಾತ್ರೆಯನ್ನೂ ಕೊಟ್ಟು ಹೋಲಿಸಿದಾಗ ಪುಡಿಯ ಗುಣ ಬೇಗ ಕಂಡಿತೆಂದು ವರದಿಯಾಗಿದೆ. ದಯವಿಟ್ಟು ಇದನ್ನು ಓದಿ ಮನೆಯ ಹಿರಿಯರಿಗೆ ಗುಡ್ಡೆಯ ಬೀಜ ಅರೆದು ಕೊಡಬೇಡಿ! ಅಲ್ಲಿ ಕೊಟ್ಟದ್ದು ಅಳತೆ ಮಾಡಿದ ಪುಡಿ. ಬೀಜದಿಂದ ಬೀಜಕ್ಕೆ ಅದರ ಪ್ರಮಾಣ ಬದಲಾಗುತ್ತದೆ, ಮಾತ್ರೆಯ ಜೊತೆ ಸೇರಿದರೆ ಅತಿಯಾಗುತ್ತದೆ.

ಲೀವೊಡೋಪಾ ರೋಗವನ್ನು ನಿಲ್ಲಿಸುವುದಿಲ್ಲ. ಕೆಲವು ವರ್ಷಗಳ ಮೇಲೆ ಮಾತ್ರೆಯ ಗುಣ ಬೇಗ ಇಳಿಯುತ್ತದೆ, ಮೈ ತಾನಾಗಿ ತೊನೆದಾಡುವುದೂ ಇದೆ. ಅಂಥವರಲ್ಲಿ ಆಯ್ದ ಕೆಲವರಿಗೆ ಮೆದುಳಿನ ಆಳಕ್ಕೆ ತೆಳುವಾದ ತಂತಿ ಇಳಿಸಿ, ಎದೆಯ ಚರ್ಮದಡಿ ಬ್ಯಾಟರಿ ಇಟ್ಟು ಸಣ್ಣ ವಿದ್ಯುತ್ ಕೊಡುವ ಚಿಕಿತ್ಸೆ ಇದೆ. 1987ರಲ್ಲಿ ಫ್ರಾನ್ಸಿನ ಗ್ರೆನೋಬಲ್‌ನಲ್ಲಿ ಬೆನಬಿದ್ ಎಂಬ ಶಸ್ತ್ರವೈದ್ಯರು ಇದಕ್ಕೆ ದಾರಿ ಮಾಡಿದರು. ನಮ್ಮ ರಾಜ್ಯದಲ್ಲಿ ತಿರುವನಂತಪುರದ ಶ್ರೀಚಿತ್ರಾ ಸಂಸ್ಥೆಯಲ್ಲಿ ಇದನ್ನು ಮಾಡುತ್ತಾರೆ. ಆದರೆ ಕಾಸರಗೋಡಿನಿಂದ ತಿರುವನಂತಪುರವೆಂದರೆ ರಾಜ್ಯದ ಒಂದು ತುದಿಯಿಂದ ಇನ್ನೊಂದು ತುದಿ. ನಮ್ಮವರಿಗೆ ಡಾಕ್ಟರೆಂದರೆ ಮಂಗಳೂರು.

ಮನೋರೋಗದ ಕಡೆ ಸರ್ಪಗಂಧ ಹೆಚ್ಚು ಕಾಲ ನಿಲ್ಲಲಿಲ್ಲ. 1952ರಲ್ಲಿ ಪ್ಯಾರಿಸಿನಲ್ಲಿ ಕ್ಲೋರ್‌ಪ್ರೊಮಝೀನ್ ಎಂಬ ಮದ್ದು ಬಳಕೆಗೆ ಬಂದು ಅದನ್ನು ಹಿಂದೆ ಹಾಕಿತು. ರೆಸರ್ಪೀನ್ ತೆಗೆದುಕೊಂಡ ಕೆಲವರು ಖಿನ್ನರಾದರೆಂಬ ದೂರೂ ಬಂತು. ಆ ಹೊಸ ಮದ್ದುಗಳು ಕೆಲಸ ಮಾಡುವುದೂ ಡೋಪಮೀನಿನ ಮೇಲೆಯೇ ಎಂಬುದನ್ನು 1963ರಲ್ಲಿ ಸೂಚಿಸಿದವರು ಮತ್ತೆ ಅದೇ ಕಾರ್ಲ್‌ಸನ್. ಮುಂದೆ ಸ್ಕಿಝೋಫ್ರೀನಿಯಾಕ್ಕೆ ಬಂದ ಮದ್ದುಗಳೆಲ್ಲ ಹೆಚ್ಚುಕಡಿಮೆ ಅದೇ ದಾರಿಯವು. ಸೆಪ್ಟೆಂಬರ್ 2024ರಲ್ಲಿ ಅಮೇರಿಕದಲ್ಲಿ ಒಪ್ಪಿಗೆ ಪಡೆದ ಝನೊಮೆಲೀನ್-ಟ್ರೋಸ್ಪಿಯಂ ಎಂಬುದು ಬೇರೆ ದಾರಿಯದ್ದು. ಅದು ಡೋಪಮೀನಿನ ಬಾಗಿಲನ್ನು ನೇರವಾಗಿ ಮುಚ್ಚುವುದಿಲ್ಲ. ಇನ್ನೊಂದು ಸಂಗತಿ ಗಮನಿಸಿ. ಹಳೆಯ ಮನೋರೋಗದ ಮದ್ದುಗಳನ್ನು ಬಹುಕಾಲ ತೆಗೆದುಕೊಂಡ ಕೆಲವರಿಗೆ ಬಾಯಿ, ನಾಲಿಗೆ ತಾನಾಗಿ ಆಡುವ ತೊಂದರೆ ಬರುತ್ತದೆ. ಅದಕ್ಕೆ 2017ರಲ್ಲಿ ವಾಲ್‌ಬೆನಝೀನ್ ಎಂಬ ಮದ್ದು ಬಂತು. ಅದು ಹಿಡಿಯುವುದು ಸರ್ಪಗಂಧ ಹಿಡಿಯುತ್ತಿದ್ದ ಅದೇ ಪಂಪನ್ನು, ಆದರೆ ಹದವಾಗಿ. ಅಜ್ಜ ಬಿಟ್ಟ ಕೆಲಸವನ್ನು ಮೊಮ್ಮಗ ಮಾಡಿದ ಹಾಗೆ!

ಮಾತ್ರೆ ಬಂದುದರಿಂದ ಆದ ದೊಡ್ಡ ಉಪಕಾರವೆಂದರೆ ಚಿಕಿತ್ಸೆ ಊರಿಗೆ ಬಂತು. ಬೆಂಗಳೂರಿನ ನಿಮ್ಹಾನ್ಸ್‌ನವರು 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರುಗಳಿಗೇ ತರಬೇತಿ ಕೊಟ್ಟು ಮನೋರೋಗ ಮತ್ತು ಅಪಸ್ಮಾರಕ್ಕೆ ಅಲ್ಲಲ್ಲಿಯೇ ಮದ್ದು ಸಿಗುವಂತೆ ಮಾಡಿದರು. 1996ರಲ್ಲಿ ಶುರುವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿ ಈ ಬಳ್ಳಾರಿಯೇ. (1953ರ ವರೆಗೆ ಬಳ್ಳಾರಿಯೊಳಗೇ ಇದ್ದ ಆದೋನಿ, ರಾಯದುರ್ಗದ ಕನ್ನಡ ಶಾಲೆಗಳ ಮಿತ್ರರು ಇದನ್ನು ಗಮನಿಸಬೇಕು.)

ಇಷ್ಟೆಲ್ಲ ಆದರೂ ಮದ್ದು ಬಾಯಿಗೆ ಹೋಗಬೇಕಲ್ಲ! ನನ್ನ ತರಗತಿಯ ಹುಡುಗಿಯೊಬ್ಬಳು ಎರಡು ತಿಂಗಳು ಸರಿಯಾಗಿ ಶಾಲೆಗೆ ಬರಲಿಲ್ಲ. ವಿಚಾರಿಸಿದಾಗ ತಾಯಿಗೆ ಸ್ವಲ್ಪ ಗುಣವಾಯಿತೆಂದು ಮಾತ್ರೆ ನಿಲ್ಲಿಸಿದ್ದರು. ನೆಂಟರು ಏನೆನ್ನುತ್ತಾರೋ ಎಂದು ಮತ್ತೆ ಆಸ್ಪತ್ರೆಗೂ ಹೋಗಿರಲಿಲ್ಲ. ಸಕ್ಕರೆ ಕಾಯಿಲೆಯ ಮಾತ್ರೆಯನ್ನು ಜಗಲಿಯಲ್ಲಿ ಕೂತು ನುಂಗುವ ನಾವು ಈ ಮಾತ್ರೆಯನ್ನು ಅಕ್ಕಿ ಡಬ್ಬದಲ್ಲಿ ಬಚ್ಚಿಡುತ್ತೇವೆ. ಕೋಲ, ಹರಕೆ ಯಾರೂ ಬಿಡಬೇಕೆಂದು ನಾನು ಹೇಳುವುದಿಲ್ಲ. ಆದರೆ ಡಾಕ್ಟರನ್ನು ಕೇಳದೆ ಮಾತ್ರೆ ಬಿಡಬಾರದು. ಆ ತಾಯಿ ಮತ್ತೆ ಮದ್ದು ಶುರುಮಾಡಿದರು, ಹುಡುಗಿ ಈಗ ದಿನವೂ ಬರುತ್ತಾಳೆ.

2000ದಲ್ಲಿ ಕಾರ್ಲ್‌ಸನ್ನರಿಗೆ ನೊಬೆಲ್ ಬಹುಮಾನದ ಪಾಲು ಬಂತು. ಹಾರ್ನಿಕಿವಿಜ್‌ರನ್ನು ಬಿಟ್ಟದ್ದಕ್ಕೆ ಇನ್ನೂರಕ್ಕೂ ಹೆಚ್ಚು ವಿಜ್ಞಾನಿಗಳು ಬಹಿರಂಗ ಪತ್ರ ಬರೆದು ಪ್ರತಿಭಟಿಸಿದರು. ಸೇನ್, ಬೋಸ್, ದಾಮೋದರನ್, ರಾಮಸ್ವಾಮಿಯವರ ಬಗ್ಗೆ ಪತ್ರ ಬರೆಯುವವರು ಯಾರೂ ಇರಲಿಲ್ಲ. ಸರ್ಪಗಂಧದ ಗತಿಯೂ ಅಷ್ಟಕ್ಕಷ್ಟೆ. ಬೇರೇ ಮದ್ದಾದ್ದರಿಂದ ಕೀಳುವಾಗ ಗಿಡವೇ ಹೋಗುತ್ತದೆ. ಕಿತ್ತು ಕಿತ್ತು ಅಪರೂಪವಾದ ಮೇಲೆ, 1990ರಲ್ಲಿ ಅದನ್ನು ಅಂತರರಾಷ್ಟ್ರೀಯ ವ್ಯಾಪಾರಕ್ಕೆ ನಿಯಂತ್ರಣವಿರುವ ಗಿಡಗಳ ಪಟ್ಟಿಗೆ ಸೇರಿಸಲಾಯಿತು. ನಮ್ಮ ಶಾಲೆಯ ಔಷಧಿ ತೋಟದಲ್ಲಿ ಈ ಮಳೆಗಾಲ ನಾಲ್ಕು ಗಿಡ ನೆಟ್ಟಿದ್ದೆವು. ಒಂದನ್ನು ದನ ಮೇಯಿತು, ಒಂದು ಕೊಳೆಯಿತು, ಎರಡು ಹೂ ಬಿಟ್ಟಿವೆ. ಹಣ್ಣಾದ ಮೇಲೆ ಬೀಜ ಬೇಕಾದ ಶಾಲೆಯವರು ತಿಳಿಸಿದರೆ ಕಳಿಸಿಕೊಡುತ್ತೇವೆ.