ಮುಚ್ಚಿಹೋದ ಊರಿಗೆ ಮರುಜೀವ

ಅಟ್ಟದ ಮೇಲೆ ಇಪ್ಪತ್ತು ವರ್ಷ ಬಿದ್ದಿದ್ದ ಕೇರಂ ಬೋರ್ಡನ್ನು ಧೂಳು ಒರೆಸಿ ಮತ್ತೆ ಆಡಬಹುದು. ಆದರೆ ನೂರಾರು ಮಂದಿ ದೂರದೂರದಿಂದ ಒಟ್ಟಿಗೆ ಆಡುತ್ತಿದ್ದ ಗಣಕ ಆಟವನ್ನು ಹೀಗೆ ಅಟ್ಟದಿಂದ ಇಳಿಸಲು ಸಾಧ್ಯವೇ? ಸುಲಭವಲ್ಲ. ಏಕೆಂದರೆ ಅಂತಹ ಆಟದ ಅರ್ಧ ಭಾಗ ಮಾತ್ರ ನಿಮ್ಮ ಗಣಕದಲ್ಲಿರುತ್ತದೆ. ಚಿತ್ರ ಬಿಡಿಸುವುದು, ಸದ್ದು ಮಾಡುವುದು ಅದರ ಕೆಲಸ. ಯಾರು ಎಲ್ಲಿದ್ದಾರೆ, ಯಾರ ಬಳಿ ಏನಿದೆ ಎಂಬ ಲೆಕ್ಕವೆಲ್ಲ ಕಂಪನಿಯ ಸರ್ವರ್‌ನಲ್ಲಿ. ಸರ್ವರ್ ನಿಂತರೆ ನಿಮ್ಮಲ್ಲಿರುವ ಅರ್ಧ ನಿಷ್ಪ್ರಯೋಜಕ.

ಇದಕ್ಕೊಂದು ಒಳ್ಳೆಯ ನಿದರ್ಶನ ‘ಹ್ಯಾಬಿಟ್ಯಾಟ್’.

ಟೆಲಿಫೋನ್ ತಂತಿಯಲ್ಲೊಂದು ಊರು

1986ರಲ್ಲಿ ಅಮೆರಿಕದ ಲ್ಯೂಕಾಸ್‌ಫಿಲ್ಮ್ ಸಂಸ್ಥೆಯ ಆಟಗಳ ವಿಭಾಗದಲ್ಲಿ ಚಿಪ್ ಮಾರ್ನಿಂಗ್‌ಸ್ಟಾರ್, ರ‍್ಯಾಂಡಿ ಫಾರ್ಮರ್ ಮತ್ತು ಸಂಗಡಿಗರು ಇದನ್ನು ರೂಪಿಸಿದರು. ಆಟಗಾರರ ಬಳಿ ಇದ್ದದ್ದು ಕೇವಲ 64 ಕಿಲೋಬೈಟ್ ಸ್ಮೃತಿಯ ಕಮೊಡೋರ್ 64 ಗಣಕ. ಸಂಪರ್ಕ, ಟೆಲಿಫೋನ್ ತಂತಿಯ ಮೂಲಕ ಸೆಕೆಂಡಿಗೆ 300 ಬಿಟ್ ಸಾಗಿಸುವ ಮೋಡೆಮ್. ಈ ವೇಗದಲ್ಲಿ ಚಿತ್ರ ಕಳಿಸುವಂತಿರಲಿಲ್ಲ. ಆದ್ದರಿಂದ ಚಿತ್ರಗಳನ್ನೆಲ್ಲ ಆಟಗಾರನ ಫ್ಲಾಪಿಯಲ್ಲೇ ಇರಿಸಿ, ‘ಈ ವಸ್ತು ಅಲ್ಲಿಗೆ ಸರಿಯಿತು’ ಎಂಬಂತಹ ಪುಟ್ಟ ಸಂದೇಶವನ್ನಷ್ಟೇ ಸರ್ವರ್ ಕಳಿಸುತ್ತಿತ್ತು. ಪರದೆಯ ಮೇಲೆ ಆಟಗಾರನನ್ನು ಪ್ರತಿನಿಧಿಸುವ ಬೊಂಬೆಗೆ ಅವರಿಟ್ಟ ಹೆಸರು ನಮಗೆ ಚಿರಪರಿಚಿತ: ‘ಅವತಾರ’! ಇಂದು ಜಗತ್ತಿನಾದ್ಯಂತ ಈ ಅರ್ಥದಲ್ಲಿ ಆ ಪದ ಬಳಕೆಯಲ್ಲಿದೆ.

ಅದು ಬರಿಯ ಆಟವಾಗಿರದೆ ಒಂದು ಸಮಾಜವೂ ಆಗಿತ್ತು. ಒಂದು ಯಂತ್ರ 75 ಟೋಕನ್‌ಗೆ ಮಾರುತ್ತಿದ್ದ ಬೊಂಬೆಯನ್ನು ಇನ್ನೊಂದು ಯಂತ್ರ 100 ಟೋಕನ್‌ಗೆ ಕೊಳ್ಳುತ್ತಿರುವುದನ್ನು ಕೆಲವರು ಪತ್ತೆಹಚ್ಚಿದರು. ಇಂತಹ ವ್ಯಾಪಾರದಿಂದ ಒಂದೇ ರಾತ್ರಿಯಲ್ಲಿ ಆ ಊರಿನ ಒಟ್ಟು ಹಣ ಐದು ಪಟ್ಟಾಯಿತು. ಅರ್ಥಶಾಸ್ತ್ರದ ವಿದ್ಯಾರ್ಥಿಗೂ ಇದು ಪಾಠವಲ್ಲವೇ?

1988ರಲ್ಲಿ ಪ್ರಯೋಗ ಮುಗಿಯಿತು. ಅದೇ ತಂತ್ರಾಂಶದ ಕಿರಿದಾದ ರೂಪ ‘ಕ್ಲಬ್ ಕೆರಿಬ್’ ಎಂಬ ಹೆಸರಿನಲ್ಲಿ ಮುಂದುವರಿಯಿತು. ಅದನ್ನು ನಡೆಸುತ್ತಿದ್ದ ಕ್ವಾಂಟಮ್ ಲಿಂಕ್ ಸೇವೆಯೂ 1990ರ ದಶಕದ ಮಧ್ಯದಲ್ಲಿ ನಿಂತಿತು. ಫ್ಲಾಪಿಗಳು ಉಳಿದವು, ಊರು ಉಳಿಯಲಿಲ್ಲ.

ಮತ್ತೆ ಕಟ್ಟಿದ ಬಗೆ

2013ರಲ್ಲಿ ಕ್ಯಾಲಿಫೋರ್ನಿಯದ ಓಕ್‌ಲೆಂಡ್‌ನ ಕಲೆ ಮತ್ತು ಡಿಜಿಟಲ್ ಮನರಂಜನೆಯ ವಸ್ತುಸಂಗ್ರಹಾಲಯವು ಪುನಶ್ಚೇತನಕ್ಕೆ ಕೈಹಾಕಿತು. ಸರ್ವರ್ ತಂತ್ರಾಂಶವನ್ನು ಸ್ಟ್ರಾಟಸ್ ಎಂಬ ದೊಡ್ಡ ಗಣಕಕ್ಕಾಗಿ ಪಿಎಲ್/1 ಭಾಷೆಯಲ್ಲಿ ಬರೆಯಲಾಗಿತ್ತು. ಅದೃಷ್ಟವಶಾತ್ ಮೂಲ ಸಂಕೇತ ಸಿಕ್ಕಿತು, ರಚಿಸಿದವರೂ ನೆರವಿಗೆ ಬಂದರು. 2016ರಲ್ಲಿ ಸಂಕೇತವನ್ನು ಎಲ್ಲರಿಗೂ ತೆರೆದಿಡಲಾಯಿತು. ಫಾರ್ಮರ್ ಮತ್ತು ಸ್ವಯಂಸೇವಕರು ಸರ್ವರ್ ಭಾಗವನ್ನು ಹೊಸ ಭಾಷೆಗಳಲ್ಲಿ ಮರುರಚಿಸಿ ‘ನಿಯೋಹ್ಯಾಬಿಟ್ಯಾಟ್’ ಎಂದು ಹೆಸರಿಟ್ಟರು. ಆಟಗಾರನ ಭಾಗ ಮಾತ್ರ ಹಳೆಯದೇ. ಕಮೊಡೋರ್ 64ನ್ನು ಅನುಕರಿಸುವ ತಂತ್ರಾಂಶದಿಂದ ಈಗಿನ ಗಣಕದಲ್ಲೂ ಅದು ಓಡುತ್ತದೆ. ಎರಡೂ ಭಾಗಗಳ ನಡುವಿನ ಸಂದೇಶಗಳ ಕ್ರಮ ಬದಲಾಗದಿದ್ದರೆ, ಆಚೆ ಬದಿಯಲ್ಲಿರುವುದು ಹಳೆಯ ಯಂತ್ರವೋ ಹೊಸದೋ ಎಂಬುದು ಈಚೆ ಬದಿಗೆ ತಿಳಿಯದು.

ಮೂಲ ಸಂಕೇತ ಸಿಗದಿದ್ದರೆ? ಆಗ ಸರ್ವರ್ ಜೀವಂತವಿರುವಾಗಲೇ ಹೋಗಿಬರುವ ಸಂದೇಶಗಳನ್ನು ದಾಖಲಿಸಿ, ಅವುಗಳಿಂದ ಅದರ ನಡವಳಿಕೆಯನ್ನು ಊಹಿಸಿ ಬರೆಯಬೇಕು. ನಿಂತ ಮೇಲೆ ಆ ದಾರಿಯೂ ಬಹುಮಟ್ಟಿಗೆ ಮುಚ್ಚಿದಂತೆ.

ಕಾನೂನಿನ ತೊಡಕೂ ಇದೆ. ದಕ್ಷಿಣ ಕೊರಿಯದ ಎನ್‌ಸಿಸಾಫ್ಟ್ 2012ರಲ್ಲಿ ನಿಲ್ಲಿಸಿದ ‘ಸಿಟಿ ಆಫ್ ಹೀರೋಸ್’ ಆಟವನ್ನು ಅಭಿಮಾನಿಗಳು 2019ರಲ್ಲಿ ಬಹಿರಂಗವಾಗಿ ಪುನರಾರಂಭಿಸಿದರು. ಅವರ ‘ಹೋಮ್‌ಕಮಿಂಗ್’ ಸರ್ವರ್‌ಗೆ ಅಧಿಕೃತ ಪರವಾನಗಿ ಸಿಕ್ಕಿದ್ದು 2024ರಲ್ಲಿ. ಅಮೆರಿಕದಲ್ಲಿ 2018ರ ವಿನಾಯಿತಿಯೊಂದು ಗ್ರಂಥಾಲಯ, ವಸ್ತುಸಂಗ್ರಹಾಲಯಗಳಿಗೆ ಇಂತಹ ಆಟಗಳನ್ನು ತಮ್ಮ ಆವರಣದೊಳಗೆ ಮಾತ್ರ ಉಳಿಸಿಕೊಳ್ಳಲು ಅವಕಾಶ ನೀಡಿತು. ಆದರೆ ಸರ್ವರ್ ಸಂಕೇತ ನ್ಯಾಯಬದ್ಧವಾಗಿ ಕೈಯಲ್ಲಿದ್ದರಷ್ಟೇ ಅದರ ಪ್ರಯೋಜನ.

ಊರು ಮತ್ತೆ ಎದ್ದರೂ 1986ರ ನಿವಾಸಿಗಳ ಮಾತುಕತೆ, ಒಡನಾಟ ಮರಳುವುದಿಲ್ಲ. ಅದನ್ನು ಅಷ್ಟಿಷ್ಟು ತಿಳಿಯಲು ರಚಿಸಿದವರೇ ಬರೆದಿಟ್ಟ ಟಿಪ್ಪಣಿಗಳೇ ಆಧಾರ. ನಿಮ್ಮ ಶಾಲೆಯ ಅಂಕಪಟ್ಟಿ, ಪಾಠ, ಚಿತ್ರಗಳೂ ಇಂದು ದೂರದ ಯಾವುದೋ ಸರ್ವರ್‌ನಲ್ಲಿರಬಹುದು. ಅದು ನಿಂತರೆ ನಿಮ್ಮಲ್ಲಿ ಉಳಿಯುವುದೆಷ್ಟು? ಸೇವೆ ನಡೆಯುತ್ತಿರುವಾಗಲೇ ಕೇಳಬೇಕಾದ ಪ್ರಶ್ನೆಯಿದು.