ಮೋಟಾರ್‌ಸೈಕಲ್ ಕ್ಲಚ್ ದುರಸ್ತಿ ಮತ್ತು ಅದರ ಖರ್ಚು: ಕೂಟಗಲ್ ಹೋಬಳಿಯ ನೆಲೆಯಲ್ಲಿ

ಎಂಜಿನ್ನಿನ ತಿರುಗುಬಲವನ್ನು ಗೇರ್‌ಬಾಕ್ಸಿಗೆ ಕೂಡಿಸುವುದು, ಗೇರ್ ಬದಲಿಸುವಾಗಲೂ ಗಾಡಿ ನಿಲ್ಲಿಸುವಾಗಲೂ ಅದನ್ನು ಬಿಡಿಸುವುದು ಕ್ಲಚ್‌ನ ಕೆಲಸ. ಕರ್ನಾಟಕದ ಹಳ್ಳಿಗಳಲ್ಲಿ ಇಂದು ಓಡುವ 100ರಿಂದ 150 ಸಿಸಿ ಬೈಕುಗಳಲ್ಲಿರುವುದು ಎಂಜಿನ್ ಆಯಿಲ್‌ನಲ್ಲಿ ತೊಯ್ದುಕೊಂಡೇ ದುಡಿಯುವ, ಹಲವು ಪ್ಲೇಟುಗಳ ಕ್ಲಚ್. ರಾಮನಗರ ತಾಲ್ಲೂಕಿನ ಕೂಟಗಲ್ ಹೋಬಳಿಯಂಥ ಕಡೆ ಈ ಬೈಕು ಬರೀ ಸವಾರಿಯ ಗಾಡಿಯಾಗಿ ಉಳಿದಿಲ್ಲ. ಹಿಪ್ಪುನೇರಳೆ ಸೊಪ್ಪು, ಹುಲ್ಲಿನ ಹೊರೆ, ಹಾಲಿನ ಕ್ಯಾನು, 50 ಕೆ.ಜಿ.ಯ ಪಶು ಆಹಾರದ ಚೀಲ, ರಾಮನಗರದ ಮಾರುಕಟ್ಟೆಗೆ ಹೋಗುವ ರೇಷ್ಮೆಗೂಡು, ಎಲ್ಲವೂ ಅದರ ಮೇಲೆಯೇ. ಇಂಥ ಬಳಕೆಯಲ್ಲಿ ಕ್ಲಚ್ ಬೇಗ ಸವೆಯುತ್ತದೆ ಎಂಬುದನ್ನು ಯಾರೂ ಅಲ್ಲಗಳೆಯುವುದಿಲ್ಲ. ಅದಕ್ಕೆ ಎಷ್ಟು ಖರ್ಚಾಗಬೇಕು ಎಂಬಲ್ಲಿ ಮಾತ್ರ ಲೆಕ್ಕ ತಪ್ಪುತ್ತದೆ. ಗ್ರಾಹಕ ಪ್ಲೇಟಿನ ಬೆಲೆ ಕೇಳುತ್ತಾನೆ, ಮೆಕಾನಿಕ್ ಬೈಕ್ ಓಡಿದ ಕಿಲೋಮೀಟರ್ ಕೇಳುತ್ತಾನೆ. ಖರ್ಚನ್ನು ತೀರ್ಮಾನಿಸುವ ಸಂಗತಿ ಇವೆರಡರ ಆಚೆಗಿದೆ: ಬಿಚ್ಚುವ ಮುನ್ನ ಪರೀಕ್ಷೆ ನಡೆಯಿತೇ, ಬಿಚ್ಚಿದ ಮೇಲೆ ಅಳತೆ ನಡೆಯಿತೇ ಎಂಬುದು.

ಕಿಲೋಮೀಟರಿನ ಲೆಕ್ಕ ಏಕೆ ಸಾಲದು ಎನ್ನಲು ಒಳಗಿನ ಏರ್ಪಾಟನ್ನು ನೋಡಬೇಕು. ಘರ್ಷಣೆಯ ಪದರ ಅಂಟಿಸಿದ ಪ್ಲೇಟುಗಳು, ನುಣುಪಾದ ಉಕ್ಕಿನ ಪ್ಲೇಟುಗಳು ಒಂದು ಬಿಟ್ಟು ಒಂದರಂತೆ ಜೋಡಣೆಯಾಗಿರುತ್ತವೆ. ಮೊದಲನೆಯವುಗಳ ಹೊರ ಅಂಚಿನ ಹಲ್ಲುಗಳು ಅಲ್ಯೂಮಿನಿಯಂ ಹೌಸಿಂಗಿನ ಸಂದುಗಳಲ್ಲಿ ಕೂತರೆ, ಎರಡನೆಯವು ನಡುವಿನ ಹಬ್ಬನ್ನು ಹಿಡಿದಿರುತ್ತವೆ. ಸ್ಪ್ರಿಂಗುಗಳು ಪ್ರೆಷರ್ ಪ್ಲೇಟಿನ ಮೂಲಕ ಎಲ್ಲವನ್ನೂ ಒತ್ತಿ ಹಿಡಿದಾಗ ಹೌಸಿಂಗೂ ಹಬ್ಬೂ ಒಟ್ಟಿಗೆ ತಿರುಗುತ್ತವೆ. ಲಿವರ್ ಎಳೆದರೆ ಆ ಒತ್ತಡ ಬಿಡುತ್ತದೆ. ಪೂರ್ತಿ ಹಿಡಿದಾಗ ಪ್ಲೇಟುಗಳು ಒಂದರ ಮೇಲೊಂದು ಜಾರುವುದಿಲ್ಲ, ಪೂರ್ತಿ ಬಿಟ್ಟಾಗ ಒತ್ತಡವೇ ಇರುವುದಿಲ್ಲ. ಸವಕಳಿಯೆಲ್ಲ ನಡುವಿನ ಆ ಹಾಫ್ ಕ್ಲಚ್ ಗಳಿಗೆಯಲ್ಲಿ. ಆದ್ದರಿಂದ ಹೆದ್ದಾರಿಯಲ್ಲಿ ಒಂದೇ ಗೇರಿನಲ್ಲಿ 50 ಕಿ.ಮೀ. ಓಡಿದ ಬೈಕಿಗಿಂತ, ಹೊಲದ ದಾರಿಯಲ್ಲಿ 5 ಕಿ.ಮೀ.ಗೆ ಇಪ್ಪತ್ತು ಸಲ ನಿಂತು ಹೊರಟ ಬೈಕಿನ ಕ್ಲಚ್ ಹೆಚ್ಚು ಸವೆದಿರುತ್ತದೆ.

ಈ ಜಾರಾಟದಲ್ಲಿ ಹುಟ್ಟುವ ಶಾಖವನ್ನು ಅಂದಾಜು ಮಾಡುವುದು ಕಷ್ಟವಲ್ಲ. ಸಮತಟ್ಟು ರಸ್ತೆಯಲ್ಲಿ ನಿಂತ ಗಾಡಿ ಹೊರಟು ಕ್ಲಚ್ ಪೂರ್ತಿ ಹಿಡಿಯುವ ವೇಳೆಗೆ ಗಾಡಿ ಪಡೆದ ಚಲನಶಕ್ತಿ ಎಷ್ಟೋ, ಹೆಚ್ಚುಕಡಿಮೆ ಅಷ್ಟೇ ಶಕ್ತಿ ಪ್ಲೇಟುಗಳ ನಡುವೆ ಶಾಖವಾಗಿ ಕಳೆದಿರುತ್ತದೆ. ಏರಿನಲ್ಲಾದರೆ ಇನ್ನೂ ಹೆಚ್ಚು. 110 ಕೆ.ಜಿ. ಬೈಕಿನ ಮೇಲೆ 65 ಕೆ.ಜಿ. ಸವಾರನೊಬ್ಬನೇ ಇದ್ದರೆ ಒಟ್ಟು ತೂಕ 175. ಹಿಂದೆ 60 ಕೆ.ಜಿ.ಯ ಮತ್ತೊಬ್ಬರು, ಜೊತೆಗೊಂದು ಪಶು ಆಹಾರದ ಚೀಲ ಸೇರಿದರೆ 285. ಶಾಖ ಒಂದೂವರೆ ಪಟ್ಟು ಮೀರಿತು. ಇನ್ನು ಫಸ್ಟ್ ಗೇರ್ ಹಾಕದೆ ಸೆಕೆಂಡಿನಲ್ಲೇ ಗಾಡಿ ಎತ್ತುವ ರೂಢಿಯನ್ನು ನೋಡಿ. ಆಗ ಕ್ಲಚ್ ಪೂರ್ತಿ ಹಿಡಿಯುವ ವೇಗ ಸುಮಾರು 1.6 ಪಟ್ಟಾಗುತ್ತದೆ, ಶಕ್ತಿ ವೇಗದ ವರ್ಗಕ್ಕೆ ಅನುಗುಣವಾದ್ದರಿಂದ ಶಾಖ ಎರಡೂವರೆ ಪಟ್ಟು. ಹೊರೆಯೂ ಈ ರೂಢಿಯೂ ಕೂಡಿದರೆ ನಾಲ್ಕು ಪಟ್ಟು. ಹೊರೆಯ ಭಾರಕ್ಕೇ ಕ್ಲಚ್ ಹೋಯಿತು ಎಂಬ ಮಾತು ಅರ್ಧ ನಿಜ ಅಷ್ಟೆ. ಸಾಮಾನ್ಯ 100 ಸಿಸಿ ಎಂಜಿನ್ ಕೊಡಬಲ್ಲ ತಿರುಗುಬಲ ಸುಮಾರು 8 ನ್ಯೂಟನ್ ಮೀಟರ್. ಹೊರೆ ಎಷ್ಟೇ ಇರಲಿ ಅದು ಹೆಚ್ಚುವುದಿಲ್ಲ, ಆರೋಗ್ಯವಾಗಿರುವ ಕ್ಲಚ್ ಅದನ್ನು ಜಾರದೆ ಹೊರುತ್ತದೆ. ಹೊರೆ ಮಾಡುವ ಹಾನಿ ಹೊರಡುವ ಹೊತ್ತಿನದು, ಮತ್ತು ಆ ಹೊತ್ತು ಸವಾರನ ಎಡಗೈಯಲ್ಲಿದೆ. ಲಿವರೇ ಇಲ್ಲದ, ಎಂಜಿನ್ನಿನ ವೇಗ ಏರಿದಾಗ ತಾನೇ ಹಿಡಿಯುವ ಕ್ಲಚ್ ಇರುವ ಟಿವಿಎಸ್ ಎಕ್ಸ್‌ಎಲ್‌ನಲ್ಲೂ ಪ್ರತಿ ಹೊರಡುವಿಕೆಗೆ ಲೈನರ್ ಸವೆಯುತ್ತದೆ. ಆದರೆ ಓಡುವಾಗ ಲಿವರಿನ ಮೇಲೆ ಬೆರಳಿಟ್ಟುಕೊಳ್ಳುವ ಚಾಳಿಗೆ ಅಲ್ಲಿ ಜಾಗವೇ ಇಲ್ಲ.

ಪಿಕಪ್ ಇಲ್ಲ, ಆಕ್ಸಿಲರೇಟರ್ ಕೊಟ್ಟರೆ ಬರೀ ಸದ್ದು ಎಂಬ ದೂರಿನೊಂದಿಗೆ ಗಾಡಿ ಬಂದಾಗ ಮೊದಲು ನೋಡಬೇಕಾದದ್ದು ಲಿವರಿನ ಫ್ರೀ ಪ್ಲೇ. ಲಿವರಿನ ತುದಿ ಬಿಗಿಯಾಗುವ ಮುನ್ನ 10ರಿಂದ 20 ಮಿ.ಮೀ. ಸಡಿಲವಾಗಿ ಆಡಬೇಕು ಎಂಬುದು ಇಂಥ ಬೈಕುಗಳ ಸಾಮಾನ್ಯ ಕ್ರಮ. ಇಲ್ಲೊಂದು ಸೂಕ್ಷ್ಮವಿದೆ. ಕೇಬಲ್ ಹಿಗ್ಗಿದರೆ ಈ ಸಡಿಲ ಹೆಚ್ಚುತ್ತದೆ, ಪ್ಲೇಟ್ ಸವೆದರೆ ಕಡಿಮೆಯಾಗುತ್ತದೆ. ಪ್ಲೇಟುಗಳ ಅಟ್ಟಿ ತೆಳುವಾದಂತೆ ಪ್ರೆಷರ್ ಪ್ಲೇಟ್ ಒಳಸರಿದು, ಬಿಡಿಸುವ ಕಡ್ಡಿಗೆ ಒತ್ತಿಕೊಳ್ಳುವುದೇ ಇದಕ್ಕೆ ಕಾರಣ. ಹೀಗೆ ಲಿವರ್ ತಾನಾಗಿಯೇ ಬಿಗಿಯಾಗುತ್ತ ಬಂದಿದ್ದರೆ ಪ್ಲೇಟಿನ ಕಡೆಗೂ, ಸಡಿಲವಾಗುತ್ತ ಬಂದಿದ್ದರೆ ಕೇಬಲಿನ ಕಡೆಗೂ ಬೆರಳು ತೋರಿಸಬಹುದು. ಫ್ರೀ ಪ್ಲೇ ಪೂರ್ತಿ ಹೋಗಿ ಕೇಬಲ್ ಸದಾ ಎಳೆದೇ ಇದ್ದರೆ ಒಳ್ಳೆಯ ಪ್ಲೇಟೂ ಜಾರುತ್ತದೆ, ಅಂಥ ಗಾಡಿಗೆ ಬೇಕಾದದ್ದು ಅಡ್ಜಸ್ಟರಿನ ಎರಡು ಸುತ್ತು. ಅದನ್ನು ಸರಿಪಡಿಸಿದ ಮೇಲೆ ಟಾಪ್ ಗೇರಿನಲ್ಲಿ ಮಧ್ಯಮ ವೇಗದಲ್ಲಿ ಹೋಗುತ್ತ ಆಕ್ಸಿಲರೇಟರ್ ಒಮ್ಮೆಲೇ ತಿರುಗಿಸಿ ನೋಡಬೇಕು. ಎಂಜಿನ್ ಸದ್ದು ಜಿಗಿದು ಗಾಡಿಯ ವೇಗ ಇದ್ದಷ್ಟೇ ಇದ್ದರೆ ಆಗ ಕ್ಲಚ್ ಜಾರುತ್ತಿದೆ ಎನ್ನಬಹುದು.

ಬಿಚ್ಚುವ ಮುನ್ನ ಕೇಳಬೇಕಾದ ಇನ್ನೊಂದು ಪ್ರಶ್ನೆ ಆಯಿಲ್‌ನದು. ಬೈಕಿನಲ್ಲಿ ಎಂಜಿನ್, ಗೇರ್‌ಬಾಕ್ಸ್, ಕ್ಲಚ್ ಮೂರಕ್ಕೂ ಸಾಮಾನ್ಯವಾಗಿ ಒಂದೇ ಆಯಿಲ್. ಕಾರಿನ ಆಯಿಲ್‌ಗೆ ಇಂಧನ ಉಳಿಸಲೆಂದು ಘರ್ಷಣೆ ತಗ್ಗಿಸುವ ರಾಸಾಯನಿಕ ಸೇರಿಸುವುದುಂಟು. ಘರ್ಷಣೆಯಿಂದಲೇ ಬದುಕುವ ಕ್ಲಚ್‌ಗೆ ಅದು ಒಗ್ಗದು. ಈ ತೊಡಕಿಗಾಗಿಯೇ 1998ರಲ್ಲಿ ಜಪಾನಿನಲ್ಲಿ ಮೋಟಾರ್‌ಸೈಕಲ್ ಆಯಿಲ್‌ಗೆ ಪ್ರತ್ಯೇಕ ಮಾನದಂಡ ಬಂತು, ಡಬ್ಬಿಯ ಮೇಲೆ ಜಾಸೋ ಎಂಎ ಎಂಬ ಗುರುತು ಕಾಣುವುದು ಅದರಿಂದ. ಟ್ರ್ಯಾಕ್ಟರಿಗೆ ತಂದು ಉಳಿದ ಡೀಸೆಲ್ ಎಂಜಿನ್ ಆಯಿಲ್ ಬೈಕಿಗೆ ಹಾಕಿದರೂ ಏನೂ ಆಗಿಲ್ಲವಲ್ಲ ಎಂಬ ವಾದವಿದೆ. ಎಷ್ಟೋ ಡೀಸೆಲ್ ಆಯಿಲ್‌ಗಳಲ್ಲಿ ಆ ರಾಸಾಯನಿಕ ಇರುವುದಿಲ್ಲ, ಹಾಗಾಗಿ ಕ್ಲಚ್ ಕೂಡಲೇ ಜಾರದಿರಬಹುದು. ಆದರೆ ಆ ಗುರುತಿಲ್ಲದ ಡಬ್ಬಿಯೊಳಗೆ ಏನಿದೆ ಎಂಬುದಕ್ಕೆ ಖಾತರಿಯೂ ಇಲ್ಲ. ಜಾರಾಟ ಶುರುವಾದದ್ದು ಆಯಿಲ್ ಬದಲಿಸಿದ ಬೆನ್ನಿಗೇ ಆಗಿದ್ದರೆ, ಒಂದು ಲೀಟರ್ ಸರಿಯಾದ ಆಯಿಲ್ ಹಾಕಿ ನೋಡುವುದು ಪ್ಲೇಟ್ ಕೊಳ್ಳುವುದಕ್ಕಿಂತ ಅಗ್ಗ.

ಇವೆಲ್ಲ ಆದ ಮೇಲೂ ಜಾರುತ್ತಿದ್ದರೆ ಆಯಿಲ್ ಇಳಿಸಿ, ಕಿಕ್ಕರ್ ತೆಗೆದು, ಕ್ಲಚ್ ಕಡೆಯ ಕವರ್ ಬಿಚ್ಚಬೇಕು. ಅಳತೆಯ ಘಟ್ಟ ಇದೇ, ಬಿಟ್ಟುಹೋಗುವ ಘಟ್ಟವೂ ಇದೇ. ಚಿಕ್ಕ ಬೈಕುಗಳ ಹೊಸ ಘರ್ಷಣಾ ಪ್ಲೇಟಿನ ದಪ್ಪ ಹೆಚ್ಚಾಗಿ 3 ಮಿ.ಮೀ. ಆಸುಪಾಸು, 2.6ರ ಹತ್ತಿರ ಬಂದರೆ ಬದಲಿಸುವ ಕಾಲ. ಖಚಿತ ಮಿತಿ ಆಯಾ ಮಾದರಿಯ ಸರ್ವಿಸ್ ಪುಸ್ತಕದಲ್ಲಿರುತ್ತದೆ. ಅರ್ಧ ಮಿ.ಮೀ.ಗೂ ಕಡಿಮೆಯಾದ ಈ ವ್ಯತ್ಯಾಸ ಬರಿಗಣ್ಣಿಗೆ ಸಿಗದು, ವರ್ನಿಯರ್ ಕ್ಯಾಲಿಪರ್ ಬೇಕು. ಉಕ್ಕಿನ ಪ್ಲೇಟನ್ನು ದಪ್ಪ ಗಾಜಿನ ಮೇಲಿಟ್ಟು ಅಂಚಿನಡಿ ಫೀಲರ್ ಗೇಜ್ ತೂರಿಸಿದರೆ ಅದು ಸೊಟ್ಟಗಿದೆಯೇ ಎಂಬುದು ತಿಳಿಯುತ್ತದೆ. ಮೇಲ್ಮೈಯಲ್ಲಿ ನೀಲಿ ಬಣ್ಣ ಹಬ್ಬಿದ್ದರೆ ಆ ಉಕ್ಕು 300 ಡಿಗ್ರಿ ಸೆಲ್ಸಿಯಸ್ ಆಸುಪಾಸಿನ ಶಾಖ ಕಂಡಿದೆ ಎಂದರ್ಥ. ಸ್ಪ್ರಿಂಗುಗಳನ್ನು ಸಾಲಾಗಿ ನಿಲ್ಲಿಸಿದರೆ ಕುಗ್ಗಿದ್ದು ಎದ್ದು ಕಾಣುತ್ತದೆ. ಎಲ್ಲವೂ ಸಮನಾಗಿ ಕುಗ್ಗಿರುವುದೂ ಉಂಟಾದ್ದರಿಂದ ಉದ್ದ ಅಳೆಯುವುದೇ ಸರಿ. ಕಡೆಗೆ ಹೌಸಿಂಗ್. ಪ್ಲೇಟಿನ ಹಲ್ಲು ಬಡಿದು ಬಡಿದು ಅದರ ಅಲ್ಯೂಮಿನಿಯಂ ಬೆರಳುಗಳ ಬದಿಯಲ್ಲಿ ಮೆಟ್ಟಿಲಿನಂಥ ಕಚ್ಚು ಬಿದ್ದಿರುತ್ತದೆ. ಉಗುರು ಆಡಿಸಿದರೆ ತಡೆಯುವಷ್ಟು ಕಚ್ಚಿದ್ದರೆ, ಲಿವರ್ ಎಳೆದರೂ ಪ್ಲೇಟುಗಳು ಸಲೀಸಾಗಿ ಬಿಡಿಸಿಕೊಳ್ಳುವುದಿಲ್ಲ. ನ್ಯೂಟ್ರಲ್ ಸಿಗಲು ತಿಣುಕಾಡಬೇಕಾಗುತ್ತದೆ. ಕಚ್ಚು ತೆಳುವಾಗಿದ್ದರೆ ಚಪ್ಪಟೆ ಅರದಿಂದ ಎಲ್ಲ ಬೆರಳುಗಳನ್ನೂ ಒಂದೇ ಸಮ ಉಜ್ಜಿ ಉಳಿಸಿಕೊಳ್ಳಬಹುದು, ಆಳವಾಗಿದ್ದರೆ ಹೌಸಿಂಗ್ ಬದಲಿಸದೆ ವಿಧಿಯಿಲ್ಲ.

ಖರ್ಚಿನ ಏರಿಳಿತವೆಲ್ಲ ಈ ಅಳತೆಗಳ ಮೇಲೆ ನಿಂತಿದೆ. 100ರಿಂದ 125 ಸಿಸಿ ಬೈಕುಗಳಿಗೆ ಈಚಿನ ವರ್ಷಗಳ ಅಂದಾಜು ಹೇಳುವುದಾದರೆ, ಕೇಬಲ್ ಬದಲಿಗೆ 150ರಿಂದ 300 ರೂಪಾಯಿ. ಘರ್ಷಣಾ ಪ್ಲೇಟು, ಉಕ್ಕಿನ ಪ್ಲೇಟು, ಸ್ಪ್ರಿಂಗ್ ಸೇರಿ 500ರಿಂದ 1,200. ಹೌಸಿಂಗ್, ಹಬ್ ಎಲ್ಲ ಸೇರಿದ ಪೂರ್ತಿ ಅಸೆಂಬ್ಲಿಗೆ 1,500ರಿಂದ 3,500. ಕವರಿನ ಪ್ಯಾಕಿಂಗ್ ಹಾಗೂ ಒಂದು ಲೀಟರ್ ಆಯಿಲ್‌ಗೆ 400ರಿಂದ 600. ಲೇಬರ್ 300ರಿಂದ 600. ಬಿಡಿಭಾಗಗಳ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇ. 28ರಿಂದ 18ಕ್ಕೆ ಇಳಿದಿದೆ, ಅಂದರೆ ಮೊದಲು ತೆರಿಗೆ ಸೇರಿ 1,280 ರೂಪಾಯಿ ಇದ್ದ ಸಾಮಾನು ಈಗ 1,180 ಆಗಬೇಕು. ಕಂಪನಿ ಸರ್ವಿಸ್ ಸೆಂಟರಿನಲ್ಲಿ ಲೇಬರಿಗೂ ಶೇ. 18 ಸೇರುತ್ತದೆ. ವಾರ್ಷಿಕ ವಹಿವಾಟು 20 ಲಕ್ಷ ಮೀರದ ಹಳ್ಳಿಯ ಗ್ಯಾರೇಜಿಗೆ ಜಿಎಸ್‌ಟಿ ನೋಂದಣಿಯೇ ಬೇಕಿಲ್ಲ. ಈ ಪಟ್ಟಿಯಲ್ಲಿ ಗಮನಿಸಬೇಕಾದ್ದು: ಲೇಬರ್, ಪ್ಯಾಕಿಂಗ್, ಆಯಿಲ್ ಮೂರೂ, ಒಳಗೆ ಒಂದು ಪ್ಲೇಟ್ ಬದಲಿಸಿದರೂ ಅಸೆಂಬ್ಲಿಯನ್ನೇ ಬದಲಿಸಿದರೂ, ಹೆಚ್ಚುಕಡಿಮೆ ಅಷ್ಟೇ.

ಈ ಕೊನೆಯ ಮಾತನ್ನೇ ಹಿಡಿದು ಅನುಭವಿ ಮೆಕಾನಿಕ್‌ಗಳು ಒಂದು ಗಟ್ಟಿ ಆಕ್ಷೇಪ ಎತ್ತುತ್ತಾರೆ. ಹೇಗೂ ಬಿಚ್ಚಿದ್ದಾಯಿತು, ಫುಲ್ ಸೆಟ್ ಹಾಕಿಸಿಬಿಡಿ, ಅಳೆದು ಕೂಡುವ ಹೊತ್ತಿಗೆ ಇನ್ನೊಂದು ಗಾಡಿ ಮುಗಿಯುತ್ತದೆ, ನಾಳೆ ಮತ್ತೆ ಜಾರಿದರೆ ಬೈಗುಳ ತಿನ್ನುವವರು ನಾವೇ ಎಂಬುದು ಅವರ ವಾದ. ಪ್ಲೇಟು, ಸ್ಪ್ರಿಂಗಿನ ಮಟ್ಟಿಗೆ ಇದು ಒಪ್ಪತಕ್ಕದ್ದೇ. ಘರ್ಷಣಾ ಪ್ಲೇಟು ಮಿತಿ ಮುಟ್ಟಿದ್ದರೆ ಅದರ ಜೊತೆಯ ಸ್ಪ್ರಿಂಗ್‌ಗಳೂ ಅಷ್ಟೇ ದುಡಿದಿರುತ್ತವೆ, ನೂರಿನ್ನೂರು ರೂಪಾಯಿ ಉಳಿಸಲು ಹೋಗಿ ಎರಡನೇ ಲೇಬರ್ ತೆರುವುದು ಜಾಣತನವಲ್ಲ. ಹೌಸಿಂಗಿಗೆ ಮಾತ್ರ ಈ ವಾದ ಹೊಂದುವುದಿಲ್ಲ. ಅಸೆಂಬ್ಲಿಯ ಬೆಲೆಯಲ್ಲಿ ದೊಡ್ಡ ಪಾಲು ಅದರದ್ದು, ಅದು ಕೆಟ್ಟಿದೆಯೇ ಇಲ್ಲವೇ ಎಂದು ತಿಳಿಯಲು ಉಗುರೂ ಎರಡು ನಿಮಿಷವೂ ಸಾಕು. ಕಚ್ಚಿಲ್ಲದ ಹೌಸಿಂಗನ್ನು ಗುಜರಿಗೆ ಹಾಕುವುದರಿಂದ ಮುಂದಿನ ಯಾವ ಬೈಗುಳವೂ ತಪ್ಪುವುದಿಲ್ಲ.

ಗ್ರಾಹಕನ ಕಡೆಯ ಆಕ್ಷೇಪ ಬೇರೆ: ಗಾಡಿ ಇನ್ನೂ ಓಡುತ್ತಿದೆ, ಈ ಬೆಳೆ ಮುಗಿಯಲಿ. ರೇಷ್ಮೆ ಬೆಳೆಗಾರನಿಗೆ ಇದು ಸೋಮಾರಿತನದ ಮಾತಲ್ಲ. ಗೂಡು ಬಿಡಿಸಿದ ಮೇಲೆ ಕೈಯಲ್ಲಿರುವುದು ಕೆಲವೇ ದಿನ. ತಡವಾದರೆ ಚಿಟ್ಟೆ ಗೂಡು ಕೊರೆದು ಹೊರಬರುತ್ತದೆ, ನೂಲು ತೆಗೆಯಲು ಬಾರದ ಗೂಡಿಗೆ ಬೆಲೆ ಬಿದ್ದುಹೋಗುತ್ತದೆ. ಏಷ್ಯಾದಲ್ಲೇ ದೊಡ್ಡದೆಂದು ಹೆಸರಾದ ಮಾರುಕಟ್ಟೆ ಹತ್ತಿರದಲ್ಲಿದ್ದೂ ಗಾಡಿ ಗ್ಯಾರೇಜಿನಲ್ಲಿದ್ದರೆ ಬಾಡಿಗೆ ಆಟೋದ ಖರ್ಚು ಬೇರೆ. ಆದರೆ ಈ ತರ್ಕ ಇನ್ನೊಂದು ದಿಕ್ಕಿಗೂ ಎಳೆಯುತ್ತದೆ. ಜಾರುವ ಕ್ಲಚ್ ಇದ್ದಷ್ಟೇ ಮಟ್ಟದಲ್ಲಿ ಉಳಿಯುವುದಿಲ್ಲ. ಜಾರಿದಷ್ಟೂ ಶಾಖ, ಶಾಖವೇರಿದಷ್ಟೂ ಪದರ ಗಾಜಿನಂತೆ ನಯವಾಗಿ ಇನ್ನಷ್ಟು ಜಾರಾಟ, ಜೊತೆಗೆ ಉಕ್ಕಿನ ಪ್ಲೇಟಿನ ಸೊಟ್ಟ, ಸ್ಪ್ರಿಂಗಿನ ಕುಗ್ಗು. ಉದುರಿದ ಪದರದ ಪುಡಿ ಸೇರುವುದು ಎಂಜಿನ್ ಓಡುವ ಅದೇ ಆಯಿಲ್‌ಗೆ. ಘರ್ಷಣಾ ಪ್ಲೇಟಿನಲ್ಲಿ ಮುಗಿಯಬೇಕಿದ್ದ ಬಿಲ್ಲು ಉಕ್ಕಿನ ಪ್ಲೇಟಿಗೂ ಸ್ಪ್ರಿಂಗಿಗೂ ಹಬ್ಬುತ್ತದೆ, ಹುಳು ಜ್ವರದಲ್ಲಿರುವಾಗ (ಸೊಪ್ಪು ತಿನ್ನದೆ ಪೊರೆ ಕಳಚುವಾಗ) ಸಿಗುವ ಬಿಡುವು ಗೂಡು ಕಟ್ಟಿದ ಮೇಲೆ ಸಿಗುವುದೂ ಇಲ್ಲ.

ಬಿಡಿಭಾಗದ ಆಯ್ಕೆಯಲ್ಲಿ ಒರಿಜಿನಲ್, ಡೂಪ್ಲಿಕೇಟ್ ಎಂಬ ಎರಡೇ ಬಗೆ ಇದೆ ಎಂದುಕೊಳ್ಳುವುದು ಸರಿಯಲ್ಲ. ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿಗಳಲ್ಲಿ ಬೈಕ್ ಕಂಪನಿಯ ಹೆಸರಿನದು, ಕ್ಲಚ್ ತಯಾರಕರ ಸ್ವಂತ ಹೆಸರಿನದು, ಹೆಸರು ನಕಲು ಮಾಡಿದ್ದು ಹೀಗೆ ಮೂರು ತೆರ ಸಿಗುತ್ತವೆ. ಎರಡನೆಯದು ಅಗ್ಗವಾಗಿದ್ದೂ ನಂಬಬಹುದಾದದ್ದು. ಮೂರನೆಯದನ್ನು ಪ್ಯಾಕೆಟ್ ನೋಡಿ ಗುರುತಿಸುವುದು ಕಷ್ಟ, ಕ್ಯಾಲಿಪರ್ ಇಟ್ಟರೆ ಹೊಸ ಪ್ಲೇಟುಗಳೇ ಒಂದೊಂದು ಒಂದೊಂದು ದಪ್ಪ ಇರುವುದು ಗೊತ್ತಾಗಿಬಿಡುತ್ತದೆ. ಹಳೆಯ ಪ್ಲೇಟಿಗೇ ಹೊಸ ಕಾರ್ಕ್ ಕೂರಿಸಿಕೊಳ್ಳುವ ಕಾಲವೊಂದಿತ್ತು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಿಂದ 1961ರಿಂದ 1996ರವರೆಗೆ ಹೊರಬಂದ ಜಾವಾ, ಯೆಜ್ಡಿಗಳ ಕಾಲ ಅದು. ಆ ಗಾಡಿಗಳಲ್ಲಿ ಗೇರ್ ಲಿವರ್ ಒತ್ತಿದರೆ ಕ್ಲಚ್ ತಾನೇ ಬಿಡುವ ಏರ್ಪಾಟೂ ಇತ್ತು. ಇಂದಿನ ತೆಳು ಪ್ಲೇಟುಗಳಿಗೆ ಅಂಥ ಮರುಹೊದಿಕೆ ಕೂಲಿಗೂ ಗಿಟ್ಟದು.

ಜೋಡಿಸುವ ಮುನ್ನ ಹೊಸ ಘರ್ಷಣಾ ಪ್ಲೇಟುಗಳನ್ನು ಆಯಿಲ್‌ನಲ್ಲಿ ನೆನೆಸಿಡಬೇಕು. ಒಣ ಪ್ಲೇಟು ಮೊದಲ ಹೊರಡುವಿಕೆಯಲ್ಲೇ ಸುಟ್ಟುಕೊಳ್ಳಬಹುದು. ಸ್ಪ್ರಿಂಗಿನ ಬೋಲ್ಟುಗಳನ್ನು ಎದುರುಬದುರಾಗಿ, ಸ್ವಲ್ಪಸ್ವಲ್ಪವೇ ಬಿಗಿಯಬೇಕು. ಒಂದೇ ಬದಿ ಪೂರ್ತಿ ಬಿಗಿದರೆ ಪ್ರೆಷರ್ ಪ್ಲೇಟ್ ಓರೆಯಾಗಿ ಕೂರುತ್ತದೆ, ಬೋಲ್ಟ್ ಕೂರುವ ಕಂಬ ಮುರಿಯುವುದೂ ಉಂಟು. ಹೊಸ ಪ್ಲೇಟು ಮೊದಲ ಕೆಲವು ನೂರು ಕಿಲೋಮೀಟರಿನಲ್ಲಿ ಒಗ್ಗಿಕೊಳ್ಳುವಾಗ ಲಿವರಿನ ಸಡಿಲ ಬದಲಾಗುವುದರಿಂದ, ಆ ಹೊತ್ತಿಗೆ ಫ್ರೀ ಪ್ಲೇ ಮತ್ತೊಮ್ಮೆ ಹೊಂದಿಸಬೇಕು. ಇದಕ್ಕೆ ಹೆಚ್ಚಿನ ಗ್ಯಾರೇಜುಗಳು ಬೇರೆ ಲೇಬರ್ ಕೇಳುವುದಿಲ್ಲ.