ಅರಸನ ಕುದುರೆ, ನಮ್ಮ ತಾತ

ಅರಿಕುಠಾರಕ್ಕೆ 1818ರಲ್ಲಿ ತನ್ನ ಅಪ್ಪನ ಹೆಸರಿಟ್ಟು ಚಾಮರಾಜನಗರ ಮಾಡಿದವನು ಮುಮ್ಮಡಿ ಕೃಷ್ಣರಾಜ. 1831ರಲ್ಲಿ ಬ್ರಿಟಿಷರು ಆಳ್ವಿಕೆ ಕಿತ್ತುಕೊಂಡರು. ಆಳಲು ಚದುರಂಗದ ಮಣೆ ಉಳೀತು. ಅದರ 64 ಮನೆಗೂ ಕುದುರೆ ನಡೆಸಿದ, ಯಾವ ಮನೆಗೂ ಎರಡನೇ ಸಲ ಕಾಲಿಡದ ಹಾಗೆ. ಕಾಲಿಟ್ಟ ಸರದಿಯಲ್ಲಿ 1ರಿಂದ 64 ಬರೆದರೆ ಅಡ್ಡಸಾಲು ಕೂಡಿದರೂ 260, ಉದ್ದಸಾಲು ಕೂಡಿದರೂ 260. ಆ ನಡಿಗೆಗೆ ಚದುರಂಗದ ಚರಿತ್ರೆ ಇವತ್ತಿಗೂ ಅವನ ಹೆಸರು ಹೇಳುತ್ತೆ.

ಗುಂಡ್ಲುಪೇಟೆ ಕಡೆಯ ನಮ್ಮೂರಲ್ಲಿ ತಾತ ಜೀತಕ್ಕಿದ್ದ. ಧಣಿಯ ಹೊಲದ ಮೂಲೆಮೂಲೆ ಉತ್ತವನು ಊರೊಳಗಿನ ಒಂದು ಮನೆಯನ್ನೂ ಹೊಕ್ಕಲಿಲ್ಲ. ಜಗುಲಿಯಾಚೆಗೇ ನಿಂತ, ಅಲ್ಲೇ ಸತ್ತ.

ಮರದ ಕುದುರೆಗಿಲ್ಲದ ಮೈಲಿಗೆ ಮನುಷ್ಯನಿಗೆ ಯಾಕೆ? ಮೇಷ್ಟ್ರೇ, ಕೇರಿ ಮಕ್ಕಳಿಗೆ ಈ ಆಟ ಕಲಿಸಿ. ಲೆಕ್ಕದ ಜೊತೆ ಈ ಪ್ರಶ್ನೆಯನ್ನೂ ಕಲಿಸಿ.